ನಾಗರಹಾವು, ಕೇರೆಹಾವು

ಕನ್ನಡ ಕಾದಂಬರಿಗೂ ಕನ್ನಡ ಚಲನಚಿತ್ರಕ್ಕೂ ಇರುವ ನಂಟಿನ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಒಂದು ಪ್ರಸಂಗವನ್ನು ನೆನಪಿಸಿಯೇ ತೀರುತ್ತಾರೆ. ತಮ್ಮ ಕೃತಿಯನ್ನು ಆಧರಿಸಿದ ‘ನಾಗರಹಾವು’ ಚಿತ್ರವನ್ನು ನೋಡಿದ ತ. ರಾ. ಸುಬ್ಬರಾಯರು, ನಿರ್ದೇಶಕರು ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರೆಂದು ನೊಂದುಕೊಂಡರು ಎಂಬುದೇ ಆ ಪ್ರಸಂಗ. ಬಾಯಿಂದ ಬಾಯಿಗೆ ಹರಿದು ಅದೀಗ ಗಾದೆಯಂತಾಗಿದೆ. ನಾನು ಆ ಮಾತನ್ನು ಮೊದಲ ಸಲ ಕೇಳಿದಾಗ ಪಟ್ಟ ಸಂತೋಷ ಅಷ್ಟಿಷ್ಟಲ್ಲ. ಆ ಚಿತ್ರ ನೋಡಿ ಸಂಕಟಪಟ್ಟವರಲ್ಲಿ ನಾನೂ ಒಬ್ಬ. ನನ್ನ ಸಂಕಟಕ್ಕೆ ಗ್ರಂಥಕರ್ತರೇ ಸಾಕ್ಷಿ ನುಡಿದರಲ್ಲ ಎಂದು ಎದೆಯುಬ್ಬಿಸಿಕೊಂಡು ಬಹುಕಾಲ ತಿರುಗಿದೆ. ಆ ಹೆಮ್ಮೆಯ ಲೆಕ್ಕವನ್ನು ಇಂದು ನಿಮ್ಮೆದುರು ಒಪ್ಪಿಸಬೇಕೆಂದಿದ್ದೇನೆ.

ನಮ್ಮೂರು ಚಿತ್ರದುರ್ಗದ ಸೀಮೆಯ ಒಂದು ಸಣ್ಣ ಪೇಟೆ. ಅಲ್ಲೊಂದು ಸರ್ಕ್ಯುಲೇಟಿಂಗ್ ಲೈಬ್ರರಿಯಿತ್ತು. ಹಾಗೆಂದ ಮಾತ್ರಕ್ಕೆ ನೀವು ಕಂಬಗಳುಳ್ಳ ಕಟ್ಟಡವನ್ನು ಊಹಿಸಿಕೊಳ್ಳಬಾರದು. ಸೈಕಲ್ ಷಾಪಿನ ಪಕ್ಕದಲ್ಲೊಂದು ಗೂಡು, ಗೋಡೆಗೆ ಹೊಡೆದ ಮೂರು ಹಲಗೆ, ಆ ಹಲಗೆಗಳ ಮೇಲೆ ದಿನಬಾಡಿಗೆಗೆ ದೊರೆಯುವ ಕಾದಂಬರಿಗಳು. ಅ.ನ.ಕೃ., ತ.ರಾ.ಸು., ತ್ರಿವೇಣಿ, ಎಂ. ಕೆ. ಇಂದಿರಾ, ಕೃಷ್ಣಮೂರ್ತಿ ಪುರಾಣಿಕ, ಎಲ್ಲರೂ ಕಂದುಕಾಗದದ ಒಂದೇ ಬಗೆಯ ಅಂಗಿ ತೊಟ್ಟು ನಿಂತಿರುತ್ತಿದ್ದರು. ಪುಟಗಳ ಅಂಚಿನಲ್ಲಿ ಹಿಂದೆ ಓದಿದವರ ‘ಅಯ್ಯೋ ಪಾಪ’, ‘ಶಹಬ್ಬಾಸ್’ಗಳಿರುತ್ತಿದ್ದವು. ಕೆಲವೊಮ್ಮೆ ಕೊನೆಯ ನಾಲ್ಕು ಪುಟಗಳೇ ಇರುತ್ತಿರಲಿಲ್ಲ. ಅವನ್ನು ನಾವೇ ಕಲ್ಪಿಸಿಕೊಳ್ಳುತ್ತಿದ್ದೆವು.

ಅವ್ವನಿಗೆ ಓದು ಬರುತ್ತಿರಲಿಲ್ಲ. ರಾತ್ರಿ ಊಟವಾದ ಮೇಲೆ ಅವಳು ಅಡುಗೆಮನೆಯ ಹೊಸ್ತಿಲ ಬಳಿ ಕುಳಿತು ಮರುದಿನದ ಅವರೆಕಾಯಿ ಸುಲಿಯುತ್ತಲೋ ಅಕ್ಕಿಯಲ್ಲಿ ಕಲ್ಲು ಆರಿಸುತ್ತಲೋ ಇರುವಾಗ ನಾನು ದೀಪದ ಮುಂದೆ ಕುಳಿತು ಗಟ್ಟಿಯಾಗಿ ಓದುತ್ತಿದ್ದೆ. ತ.ರಾ.ಸು. ಅವರ ರಾಮಾಚಾರಿ ನಮ್ಮ ಮನೆಯನ್ನು ಹೊಕ್ಕಿದ್ದು ಹಾಗೆ. ಅವನ ಕತೆ ಒಂದು ಪುಸ್ತಕದಲ್ಲಿ ಮುಗಿಯುವುದಿಲ್ಲ. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂದು ಮೂರು ಕಾದಂಬರಿಗಳು. ಮೊದಲನೆಯದನ್ನು ಮುಗಿಸಿ ಹಿಂದಿರುಗಿಸಲು ಹೋದರೆ ಎರಡನೆಯದು ಯಾರದೋ ಮನೆಯಲ್ಲಿ. ಹದಿನೈದು ದಿನ ಕಾಯಬೇಕಾಯಿತು. ಆ ಹದಿನೈದು ದಿನವೂ ಅವ್ವ, ದೂರದ ಊರಿಗೆ ಓದಲು ಹೋದ ನೆಂಟರ ಹುಡುಗನನ್ನು ವಿಚಾರಿಸುವ ಹಾಗೆ, “ಆ ಹುಡುಗ ಏನಾದನೋ?” ಎಂದು ವಿಚಾರಿಸುತ್ತಿದ್ದಳು. ನಾನು ಕಾಲೇಜಿನ ಮೆಟ್ಟಿಲು ಹತ್ತುವ ವಯಸ್ಸಿನವನು. ನನ್ನ ಸಿಟ್ಟನ್ನೆಲ್ಲ ರಾಮಾಚಾರಿಯ ಲೆಕ್ಕಕ್ಕೆ ಬರೆದುಕೊಂಡಿದ್ದೆ. ಚಾಮಯ್ಯ ಮೇಷ್ಟ್ರಂಥವರು ನನಗೂ ಒಬ್ಬರಿದ್ದರೆ ಎಂದು ಹಂಬಲಿಸುತ್ತಿದ್ದೆ.

ಪುಟ್ಟಣ್ಣ ಕಣಗಾಲರ ಚಿತ್ರ ತೆರೆಗೆ ಬಂದದ್ದು 1972ರ ಕೊನೆಯಲ್ಲಿ. ಮರುವರ್ಷ ಅವ್ವನನ್ನು ಕರೆದುಕೊಂಡು ಬಸ್ಸು ಹತ್ತಿ ಅದನ್ನು ನೋಡಲು ಹೋದೆ. ಹೋಗುವಾಗ ದಾರಿಯುದ್ದಕ್ಕೂ ನಾನೇ ಆ ಚಿತ್ರದ ಯಜಮಾನನೆಂಬಂತೆ ಮುಂದೇನಾಗುತ್ತದೆಂದು ಹೇಳುತ್ತಿದ್ದೆ. ಬರುವಾಗ ತುಟಿ ಬಿಚ್ಚಲಿಲ್ಲ.

ನನ್ನ ದೂರುಗಳ ಪಟ್ಟಿ ಉದ್ದವಾಗಿತ್ತು. ಮೊದಲನೆಯದು ಮುಖದ ದೂರು. ಅದಕ್ಕೆ ಮೊದಲು ‘ವಂಶವೃಕ್ಷ’ದಲ್ಲಿ ಒಂದು ಸಣ್ಣ ಪಾತ್ರ ವಹಿಸಿದ್ದ ತರುಣನೊಬ್ಬ ವಿಷ್ಣುವರ್ಧನ್ ಎಂಬ ಹೊಸ ಹೆಸರಿನಿಂದ ರಾಮಾಚಾರಿಯಾಗಿದ್ದ. ಕಣ್ಣಿನಲ್ಲಿ ಕಿಡಿಯಿತ್ತು, ನಿಲುವಿನಲ್ಲಿ ಠೀವಿಯಿತ್ತು. ಆದರೆ ಅವನು ನನ್ನ ರಾಮಾಚಾರಿಯಲ್ಲ! ನನ್ನ ರಾಮಾಚಾರಿಗೆ ಮುಖವೇ ಇರಲಿಲ್ಲವೆಂಬುದು ಆಗ ಹೊಳೆಯಲಿಲ್ಲ. ಎರಡನೆಯದು ಹಾಡುಗಳದು. ಕಾದಂಬರಿಯ ಓದಿನಲ್ಲಿ ವಿಜಯಭಾಸ್ಕರರ ವಾದ್ಯವೃಂದ ಕೇಳಿಸುವುದಿಲ್ಲವಷ್ಟೆ? ಅದರಲ್ಲೂ ಪ್ರೇಮಿಗಳು ಗಾಳಿಯಲ್ಲಿ ತೇಲುವಂತೆ ಮಂದಗತಿಯಲ್ಲಿ ಓಡುವ ಒಂದು ಗೀತೆ. ಆ ಚಮತ್ಕಾರಕ್ಕೆ ಚಿತ್ರಮಂದಿರವೆಲ್ಲ ಸಿಳ್ಳೆ ಹಾಕಿತು; ನಾನೊಬ್ಬ ಕೈಕಟ್ಟಿ ಕುಳಿತಿದ್ದೆ.

ಇವೆರಡೂ ಹುಡುಗುತನದ ದೂರುಗಳು. ಮೂರನೆಯದನ್ನು ಮಾತ್ರ ನಾನು ಇಂದಿಗೂ ಹಿಂದಕ್ಕೆ ಪಡೆದಿಲ್ಲ. ಮೂರು ಕಾದಂಬರಿಗಳನ್ನು ಮೂರು ಗಂಟೆಯ ಚಿತ್ರ ಮಾಡಿದಾಗ ಕಳೆದುಹೋಗುವುದು ಒಂದೆರಡು ಪಾತ್ರಗಳಲ್ಲ, ನಾಲ್ಕಾರು ಸನ್ನಿವೇಶಗಳೂ ಅಲ್ಲ, ಕಾಲ. ಅಲಮೇಲು ಕೈತಪ್ಪಿದ ನೋವು ಒಬ್ಬ ತರುಣನಲ್ಲಿ ಹೆಪ್ಪುಗಟ್ಟಿ, ಕಹಿಯಾಗಿ, ಮಾಗಿ, ಆಮೇಲೆ ಮಾರ್ಗರೆಟ್‌ಳ ಕಡೆಗೆ ಅವನ ಮನಸ್ಸು ಹೊರಳಬೇಕು. ಓದುಗನಿಗೆ ಆ ನಡುಗಾಲ ದೊರೆಯುತ್ತದೆ. ಪುಸ್ತಕ ಮುಚ್ಚಿಟ್ಟು ಅವನೂ ಉಣ್ಣುತ್ತಾನೆ, ಮಲಗುತ್ತಾನೆ. ಎರಡನೆಯ ಸಂಪುಟ ಬರುವ ಹೊತ್ತಿಗೆ ಅವನಿಗೂ ಹದಿನೈದು ದಿನ ವಯಸ್ಸಾಗಿರುತ್ತದೆ. ತೆರೆಯ ಮೇಲೆ ಒಂದು ಪ್ರೇಮ ಮುಗಿದು ಕಡಲೆಕಾಯಿ ಪೊಟ್ಟಣ ಬರಿದಾಗುವುದರೊಳಗೆ ಇನ್ನೊಂದು ಪ್ರೇಮ ಎದುರಿಗಿರುತ್ತದೆ. ಹಾವಿನ ರೋಷದಂಥ ರೋಷ ಎಂದು ಹೇಳಿದರೆ ಸಾಕಾಗುತ್ತದೆಯೆ? ಆ ರೋಷ ಹುತ್ತದೊಳಗೆ ಎಷ್ಟು ದಿನ ಸುರುಳಿ ಸುತ್ತಿಕೊಂಡಿತ್ತೆಂಬುದನ್ನು ಕಾಣಿಸಬೇಡವೆ? ತ.ರಾ.ಸು. ಅವರ ಕೊರಗಿನ ಬೇರು ಇಲ್ಲಿಯೇ ಇದ್ದಿರಬೇಕೆಂದು ನನ್ನ ಊಹೆ.

ಇಷ್ಟಾಗಿ ಅವರು ಚಲನಚಿತ್ರದ ರೀತಿನೀತಿಗಳನ್ನು ಅರಿಯದವರೇನಲ್ಲ. ಕನ್ನಡ ಚಿತ್ರರಂಗ ನಾಟಕ ಕಂಪನಿಗಳ ಪೌರಾಣಿಕ ವೈಭವವನ್ನೇ ಬಹುವಾಗಿ ನೆಚ್ಚಿಕೊಂಡಿದ್ದ ಕಾಲದಲ್ಲಿ, 1956ರಲ್ಲೇ, ಅವರ ‘ಹಂಸಗೀತೆ’ ಮುಂಬಯಿಗೆ ಹೋಗಿ ಹಿಂದಿಯ ‘ಬಸಂತ್ ಬಹಾರ್’ ಆಗಿತ್ತು. ದುರ್ಗದ ಭೈರವಿ ವೆಂಕಟಸುಬ್ಬಯ್ಯ ಅಲ್ಲಿ ಗೋಪಾಲನಾದ. ಭರತ್ ಭೂಷಣ್ ಆ ವೇಷ ತೊಟ್ಟರು. ಕತೆ ಉತ್ತರದ ಬಾದಶಹನ ಆಸ್ಥಾನಕ್ಕೆ ನಡೆಯಿತು. ಶಂಕರ್-ಜೈಕಿಶನ್ನರ ಸಂಗೀತದಿಂದ ಆ ಚಿತ್ರ ಇಂದಿಗೂ ಬದುಕಿದೆ. ಅದರಲ್ಲೊಂದು ಗಾಯನಸ್ಪರ್ಧೆಯ ದೃಶ್ಯವಿದೆ. ಗೆಲ್ಲುವ ನಾಯಕನಿಗೆ ಮನ್ನಾ ಡೇ ಅವರ ಕಂಠ, ಸೋಲುವ ಎದುರಾಳಿಗೆ ನಮ್ಮ ಗದಗಿನ ಭೀಮಸೇನ ಜೋಶಿಯವರ ಕಂಠ! ದುರ್ಗದ ಕಲ್ಲುಬಂಡೆ, ವೆಂಕಟಸುಬ್ಬಯ್ಯನ ಹೆಸರು ಎಲ್ಲವೂ ಅಳಿಸಿಹೋದ ಆ ಚಿತ್ರದಲ್ಲಿ ಕನ್ನಡವೆಂಬುದು ಉಳಿದದ್ದು ಸೋತವನ ಗಂಟಲಿನಲ್ಲಿ.

ಆಮೇಲೆ ಕನ್ನಡದಲ್ಲೂ ಗಾಳಿ ತಿರುಗಿತು. ಪುರಾಣಿಕರ ‘ಧರ್ಮದೇವತೆ’ ಕಾದಂಬರಿ 1962ರಲ್ಲಿ ‘ಕರುಣೆಯೇ ಕುಟುಂಬದ ಕಣ್ಣು’ ಆಯಿತು. ಅದನ್ನು ನಿರ್ದೇಶಿಸಿದ ಟಿ. ವಿ. ಸಿಂಗ್ ಠಾಕೂರರೇ 1964ರಲ್ಲಿ ತ.ರಾ.ಸು. ಅವರ ‘ಚಂದವಳ್ಳಿಯ ತೋಟ’ವನ್ನು ತೆರೆಗೆ ತಂದರು, ರಾಷ್ಟ್ರಪತಿಗಳ ರಜತ ಪದಕವೂ ಬಂತು. ಪುಟ್ಟಣ್ಣನವರು ಈ ದಾರಿಯಲ್ಲಿ ಎಲ್ಲರಿಗಿಂತ ದೂರ ನಡೆದವರು. ತ್ರಿವೇಣಿಯವರ ‘ಬೆಕ್ಕಿನ ಕಣ್ಣು’ ಮಲೆಯಾಳದಲ್ಲಿ, ‘ಬೆಳ್ಳಿಮೋಡ’ ಮತ್ತು ‘ಶರಪಂಜರ’ ಕನ್ನಡದಲ್ಲಿ, ಇಂದಿರಾ ಅವರ ‘ಗೆಜ್ಜೆಪೂಜೆ’, ಭಾರತೀಸುತರ ‘ಎಡಕಲ್ಲು ಗುಡ್ಡದ ಮೇಲೆ’, ಹೀಗೆ ಸರ್ಕ್ಯುಲೇಟಿಂಗ್ ಲೈಬ್ರರಿಯ ಹಲಗೆಯನ್ನೇ ಅವರು ಚಿತ್ರಮಂದಿರಕ್ಕೆ ಹೊತ್ತು ತಂದರು. ತ್ರಿವೇಣಿ 1963ರಲ್ಲೇ ತೀರಿಕೊಂಡಿದ್ದರು. ‘ಬೆಳ್ಳಿಮೋಡ’ ತೆರೆಗೆ ಬಂದದ್ದು 1967ರಲ್ಲಿ. ಅವರು ಮೆಚ್ಚುತ್ತಿದ್ದರೊ ನೊಂದುಕೊಳ್ಳುತ್ತಿದ್ದರೊ ಹೇಳುವವರಾರು? ತ.ರಾ.ಸು. ಇದ್ದರು, ನೋಡಿದರು, ಬಾಯಿಬಿಟ್ಟು ಹೇಳಿದರು.

ಈಗ ನಿಮ್ಮನ್ನು ಒಂದು ಸಾವಿರ ವರ್ಷ ಹಿಂದಕ್ಕೆ ಕರೆದೊಯ್ಯುವ ಅಪ್ಪಣೆ ಬೇಕು. ಕತೆಯನ್ನು ಬದಲಿಸುವುದು ಅಪರಾಧವಾದರೆ ಆ ಅಪರಾಧದಲ್ಲಿ ಪುಟ್ಟಣ್ಣನವರಿಗಿಂತ ಬಹಳ ಹಿರಿಯ ಆರೋಪಿಯೊಬ್ಬರಿದ್ದಾರೆ. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದ ಪಂಪ, ವ್ಯಾಸರ ಮಹಾಭಾರತದಲ್ಲಿ ಐವರ ಮಡದಿಯಾದ ದ್ರೌಪದಿಯನ್ನು ಅರ್ಜುನನೊಬ್ಬನ ಮಡದಿ ಮಾಡಿದ. ಆ ಅರ್ಜುನನಲ್ಲಿ ತನ್ನ ಒಡೆಯ ಅರಿಕೇಸರಿಯನ್ನು ಬೆರೆಸಿದ. ಕೊನೆಗೆ ಪಟ್ಟ ಕಟ್ಟುವಾಗ ಧರ್ಮರಾಯನನ್ನು ಪಕ್ಕಕ್ಕೆ ಸರಿಸಿ ಅರ್ಜುನ ಸುಭದ್ರೆಯರನ್ನು ಕೂರಿಸಿದ. ಇದಕ್ಕಿಂತ ದೊಡ್ಡ ಮಾರ್ಪಾಟು ಯಾವ ಚಿತ್ರಕತೆಯಲ್ಲಿದ್ದೀತು? ಆದರೂ ಪಂಪ ನಾಗರಹಾವನ್ನು ಕೇರೆಹಾವು ಮಾಡಿದನೆಂದು ನಾವು ಯಾರೂ ಹೇಳುವುದಿಲ್ಲ. ಆದಿಕವಿಯೆಂದು ಪಠ್ಯಪುಸ್ತಕದಲ್ಲಿ ಓದಿಸುತ್ತೇವೆ. ಕುಮಾರವ್ಯಾಸ ಹತ್ತು ಪರ್ವಗಳಿಗೇ ನಿಲ್ಲಿಸಿದ್ದನ್ನೂ ಯಾರೂ ಕತ್ತರಿ ಪ್ರಯೋಗವೆನ್ನಲಿಲ್ಲ.

ಏಕೆ? ಭಾರತದ ಕತೆ ಎಲ್ಲರಿಗೂ ಗೊತ್ತು, ಯಾರೊಬ್ಬರದೂ ಅಲ್ಲ. ಅದನ್ನು ಗಮಕಿ ಹಾಡುತ್ತಾನೆ, ಹರಿದಾಸರು ಬೆಳೆಸುತ್ತಾರೆ, ನಮ್ಮ ಸೀಮೆಯ ಬಯಲಾಟದಲ್ಲಿ ರಾತ್ರಿಯಿಡೀ ಕುಣಿಯುತ್ತಾರೆ. ನೋಡಲು ಕುಳಿತವರಿಗೆ ಕತೆಯ ಕುತೂಹಲವಿಲ್ಲ. ಈ ಸಲದ ದುರ್ಯೋಧನ ಹೇಗೆ ವೇಷ ಕಟ್ಟಿದ್ದಾನೆಂಬುದೇ ಕುತೂಹಲ. ಕಾದಂಬರಿಯ ವಿಷಯ ಹಾಗಲ್ಲ. ನಮ್ಮಲ್ಲಿ ಅದಕ್ಕೆ ನೂರೈವತ್ತು ವರ್ಷದ ಆಸುಪಾಸಿನ ವಯಸ್ಸು. ಅದಕ್ಕೊಬ್ಬ ಕರ್ತೃ ಇದ್ದಾನೆ, ಅವನ ರುಜು ಇದೆ. ಅದನ್ನು ಬಹುಮಟ್ಟಿಗೆ ಒಬ್ಬೊಬ್ಬರೇ ಮೂಲೆಯಲ್ಲಿ ಕುಳಿತು ಸದ್ದಿಲ್ಲದೆ ಓದುತ್ತಾರೆ. ಹಾಗೆ ಓದಿದವನಿಗೆ ಆ ಪುಸ್ತಕದಲ್ಲಿ ತನಗೂ ಅರ್ಧ ಪಾಲಿದೆಯೆಂಬ ಭ್ರಮೆ ಹುಟ್ಟುತ್ತದೆ. ಚಲನಚಿತ್ರ ಬಂದು ಆ ಪಾಲನ್ನು ಊರಿಗೆಲ್ಲ ಹಂಚಿದಾಗ ಅವನು ದಾಯಾದಿಯಂತೆ ಕೆರಳುತ್ತಾನೆ. ಅಂದು ಬಸ್ಸಿನಲ್ಲಿ ತುಟಿ ಬಿಗಿದು ಕುಳಿತಿದ್ದ ನಾನು ಅಂಥವನೊಬ್ಬ.

ಪಕ್ಕದಲ್ಲಿದ್ದ ಅವ್ವ ಬಯಲಾಟದ ಕಡೆಯವಳು. ಊರು ಹತ್ತಿರವಾಗುತ್ತಿದ್ದಂತೆ ತಾನಾಗಿ ಹೇಳಿದಳು: “ವೇಷ ಚೆನ್ನಾಗಿ ಕಟ್ಯಾರೆ ಕಣಪ್ಪಾ. ಆ ಹುಡುಗನಿಗೆ ಸಿಟ್ಟು ಒಪ್ತೈತೆ. ಮೇಷ್ಟ್ರಂತೂ ಥೇಟ್ ಮೇಷ್ಟ್ರೇ.” ಸ್ವಲ್ಪ ಹೊತ್ತಿನ ಮೇಲೆ, “ಅಷ್ಟು ಒಳ್ಳೆಯೋರು ಬೆಟ್ಟದಿಂದ ಬೀಳಬಾರದಾಗಿತ್ತು” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಾನು ಸಿಡಿದೆ. “ನಿನಗೇನು ತಿಳಿಯುತ್ತೆ? ಪುಸ್ತಕವನ್ನು ಹಾಳುಮಾಡಿದ್ದಾರೆ” ಎಂದೆ. ಬಸ್ಸಿನಲ್ಲಿದ್ದ ನಾಲ್ಕು ಜನ ತಿರುಗಿ ನೋಡಿದರು. ಅವ್ವ ಏನೂ ಹೇಳಲಿಲ್ಲ. ಮರುದಿನ ರಾತ್ರಿ ನಾನು ಹೊಸ ಕಾದಂಬರಿ ತೆಗೆದುಕೊಂಡು ಕುಳಿತಾಗ, ಕೆಲಸವಿದೆಯೆಂದು ಹಿತ್ತಿಲಿಗೆ ಹೋದಳು. ಅದರ ಮರುದಿನವೂ ಹಾಗೆಯೇ. ಕೆಲವು ದಿನ ಗಟ್ಟಿಯಾಗಿ ಓದಿ ನೋಡಿದೆ. ಆಮೇಲೆ ಮನಸ್ಸಿನೊಳಗೇ ಓದಿಕೊಳ್ಳತೊಡಗಿದೆ. ಬಹಳ ಬೇಗ ಓದಬಹುದೆಂದು ಆಗ ತಿಳಿಯಿತು.

ನನ್ನ ದೃಢನಿಶ್ಚಯಕ್ಕೆ ಮೊದಲ ಬಿರುಕು ಬಿಟ್ಟದ್ದು 1975ರ ‘ಹಂಸಗೀತೆ’ಯಿಂದ. ಅದೇ ತ.ರಾ.ಸು. ಅವರ ಅದೇ ಕಾದಂಬರಿ, ಈ ಸಲ ಕನ್ನಡದಲ್ಲಿ, ಜಿ. ವಿ. ಅಯ್ಯರ್ ಅವರ ನಿರ್ದೇಶನದಲ್ಲಿ, ಅನಂತನಾಗ್ ಅವರು ವೆಂಕಟಸುಬ್ಬಯ್ಯನಾಗಿ. ಪುಸ್ತಕವನ್ನು ತಕ್ಕಡಿಯಂತೆ ಹಿಡಿದು ನೋಡಲು ಹೋದೆ. ತೂಗುವ ಮೊದಲೇ ತಕ್ಕಡಿ ಕೈಜಾರಿತು. ಕಾದಂಬರಿಕಾರ ಎಷ್ಟೇ ಪ್ರತಿಭಾವಂತನಾದರೂ ಭೈರವಿಯನ್ನು ಹಾಡಲಾರ. ಹಾಡಿದರು, ಕೇಳಿದವರು ಮೈಮರೆತರು ಎಂದು ಬರೆಯಬಲ್ಲ. ಗುಣವಾಚಕಗಳು ಸ್ವರಗಳಲ್ಲ. ಆ ಚಿತ್ರದಲ್ಲಿ ಎಂ. ಬಾಲಮುರಳೀಕೃಷ್ಣರ ಕಂಠ ಏಳುತ್ತಲೇ, ಓದುವಾಗ ನಾನು ನಂಬಿಕೆಯ ಮೇಲೆ ಒಪ್ಪಿಕೊಂಡಿದ್ದ ಸಂಗತಿ ಕಿವಿಗೆ ಬಂತು. ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಹಾಗಾದರೆ ಪುಸ್ತಕದಲ್ಲಿ ಇಲ್ಲದ್ದನ್ನು ಚಿತ್ರ ಕೊಡಬಲ್ಲದು! ಇದನ್ನು ಒಪ್ಪಿಕೊಂಡ ಮೇಲೆ ‘ನಾಗರಹಾವು’ ಏನು ಕೊಟ್ಟಿತೆಂದು ಕೇಳಿಕೊಳ್ಳದೆ ವಿಧಿಯಿರಲಿಲ್ಲ.

ಕೊಟ್ಟದ್ದು ಕಡಿಮೆಯೇನಲ್ಲ. ಮೊದಲನೆಯದಾಗಿ ದುರ್ಗದ ಬಂಡೆಗಳನ್ನೇ ಕೊಟ್ಟಿತು. ಎರಡನೆಯದಾಗಿ ಓಬವ್ವ. ಹೈದರನ ಸೈನಿಕರು ಕಿಂಡಿಯೊಳಗಿಂದ ಒಬ್ಬೊಬ್ಬರಾಗಿ ನುಸುಳುತ್ತಿರಲು ಒನಕೆ ಹಿಡಿದು ನಿಂತ ಕಾವಲುಗಾರನ ಹೆಂಡತಿಯ ಕತೆ ನಮ್ಮ ಸೀಮೆಯಲ್ಲಿ ಮನೆಮಾತು. ಚಿತ್ರದಲ್ಲಿ ಅದು ಒಂದು ಹಾಡಿನಷ್ಟೆ ಉದ್ದದ ಉಪಕತೆ. ರಾಮಾಚಾರಿಯ ಪ್ರೇಮಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ. ಅದನ್ನೂ ನಾನು ಅನೌಚಿತ್ಯದ ಪಟ್ಟಿಗೆ ಸೇರಿಸಿದ್ದೆ. ಆದರೆ ಜಯಂತಿಯವರು ಸೆರಗು ಬಿಗಿದು ಒನಕೆ ಎತ್ತಿದ ಆ ಕೆಲವು ನಿಮಿಷಗಳಿಂದ ಓಬವ್ವ ದುರ್ಗದ ಕಿಂಡಿಯಿಂದ ಹೊರಬಂದು ಇಡೀ ಕರ್ನಾಟಕದ ಹೆಣ್ಣುಮಗಳಾದಳು. ಶಾಲೆಯ ವಾರ್ಷಿಕೋತ್ಸವಗಳಲ್ಲಿ ಒನಕೆ ಹಿಡಿದು ಬರುವ ಪುಟ್ಟ ಹುಡುಗಿಯರ ನಿಲುವನ್ನು ನೋಡಿ. ಅವರು ಅನುಕರಿಸುವುದು ಇತಿಹಾಸದ ಓಬವ್ವನನ್ನಲ್ಲ, ಜಯಂತಿಯವರನ್ನು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಿಂದ ಹಿಡಿದು 1982ರ ‘ದುರ್ಗಾಸ್ತಮಾನ’ದವರೆಗೆ ದುರ್ಗದ ಚರಿತ್ರೆಗೆ ಬಾಳನ್ನೇ ತೆತ್ತ ತ.ರಾ.ಸು. ಅವರಿಗೆ ಇದು ಸಂತೋಷ ಕೊಟ್ಟಿತೊ, ಚುಚ್ಚಿತೊ!

ಮೂರನೆಯದು ಮೇಷ್ಟ್ರು. ಕೆ. ಎಸ್. ಅಶ್ವತ್ಥರ ಚಾಮಯ್ಯನವರನ್ನು ಕಂಡಮೇಲೆ ನನ್ನ ಓದಿನ ಚಾಮಯ್ಯನವರು ಹೇಗಿದ್ದರೆಂದು ನೆನಪಿಸಿಕೊಳ್ಳಲು ಎಷ್ಟು ಹೆಣಗಿದರೂ ಆಗಲಿಲ್ಲ. ಇದು ಕಳ್ಳತನವೆಂದು ಬಹಳ ದಿನ ವಾದಿಸಿದೆ. ಪುಟ್ಟಣ್ಣನವರು ಇದೇ ಕತೆಯನ್ನು 1974ರಲ್ಲಿ ತಾವೇ ಹಿಂದಿಯಲ್ಲಿ ‘ಜಹ್ರೀಲಾ ಇನ್‌ಸಾನ್’ ಎಂದು ತೆಗೆದರು. ನಿರ್ದೇಶಕರು ಅವರೇ, ಕತೆ ಅದೇ, ರಿಷಿ ಕಪೂರರಂಥ ನಾಯಕ, ರಾಹುಲ್ ದೇವ್ ಬರ್ಮನ್ನರ ಸಂಗೀತ. ಆದರೂ ಚಿತ್ರ ನಿಲ್ಲಲಿಲ್ಲ. ಅಲ್ಲಿ ಇಲ್ಲದಿದ್ದದ್ದು ‘ಮೇಷ್ಟ್ರೇ’ ಎಂಬ ಒಂದು ಕರೆ ಎಂದು ನನಗೆ ಅನ್ನಿಸುತ್ತದೆ. ಹಿಂದಿಯ ‘ಮಾಸ್ಟರ್‌ಜಿ’ಯಲ್ಲಿ ಆ ಸಲಿಗೆಯೂ ಆ ಭಯವೂ ಒಟ್ಟಿಗೆ ಕೂರುವುದಿಲ್ಲ. ಅಷ್ಟರಮಟ್ಟಿಗೆ ತ.ರಾ.ಸು. ಅವರ ನುಡಿ ಪುಟ್ಟಣ್ಣನವರ ಕನ್ನಡ ಚಿತ್ರದೊಳಗೆ ಜೀವಂತವಾಗಿ ಉಳಿದಿತ್ತು ಎನ್ನಬೇಕು. ಅಂದಹಾಗೆ, ಕೇರೆಹಾವನ್ನು ನಾವು ಬೈಗುಳಕ್ಕೆ ಬಳಸುತ್ತೇವೆಯೇ ಹೊರತು ಹೊಲದ ಇಲಿಗಳನ್ನು ತಿಂದು ಬೆಳೆ ಕಾಯುವುದು ಅದೇ. ರೈತರನ್ನು ಕೇಳಿ ನೋಡಿ.

2018ರ ಜುಲೈನಲ್ಲಿ ಆ ಚಿತ್ರಕ್ಕೆ ಹೊಸ ಬಣ್ಣ, ಹೊಸ ಧ್ವನಿ ಕೊಟ್ಟು ಮತ್ತೆ ಬಿಡುಗಡೆ ಮಾಡಿದರು. ಅರವತ್ತು ದಾಟಿದ ನಾನು ಒಬ್ಬನೇ ಹೋಗಿ ಕುಳಿತೆ. ಸುತ್ತಲೂ ಕಾದಂಬರಿಯ ಹೆಸರನ್ನೂ ಕೇಳಿರದ ಹುಡುಗರು, ಪ್ರತಿ ಮಾತನ್ನೂ ನಟರಿಗಿಂತ ಮೊದಲೇ ಒಪ್ಪಿಸುತ್ತಿದ್ದರು. ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ತೀರಿಕೊಂಡಿದ್ದರು. ಅದಾದ ಮೂರು ವಾರಕ್ಕೇ, 2010ರ ಜನವರಿ 18ರಂದು, ಅಶ್ವತ್ಥರು. ಶಿಷ್ಯನ ಹಿಂದೆಯೇ ಮೇಷ್ಟ್ರು. ತೆರೆಯ ಮೇಲೆ ಮೇಷ್ಟ್ರು ಬಂಡೆಯಿಂದ ಬೀಳುವಾಗ ಆ ಹುಡುಗರ ಗದ್ದಲ ನಿಂತಿತು. ಮೂರು ಸಂಪುಟಗಳ ಕಾಲವನ್ನು ಮೂರು ಗಂಟೆಗೆ ಇಳಿಸಿದ್ದಾರೆಂಬ ನನ್ನ ದೂರು ಹಾಗೆಯೇ ಇತ್ತು. ಅದನ್ನು ಹೇಳಿಕೊಳ್ಳಲು ಪಕ್ಕದಲ್ಲಿ ಅವ್ವ ಇರಲಿಲ್ಲ. ಅವಳು ಹೋಗಿ ಆಗಲೇ ಬಹಳ ವರ್ಷಗಳಾಗಿದ್ದವು.

ಒಂದು ಸಂಗತಿ ಹೇಳುವುದು ಉಳಿದಿದೆ. ಅದಕ್ಕೆ ಮತ್ತೆ ಹಿಂದಕ್ಕೆ ಹೋಗಬೇಕು. ಕೇರೆಹಾವಿನ ಮಾತಿನಿಂದ ಈ ಇಬ್ಬರು ದೊಡ್ಡವರ ನಂಟು ಹರಿದುಹೋಯಿತೆಂದು ತಿಳಿದವರುಂಟು. ಹಾಗಾಗಿರಲಿಲ್ಲ. ಒಂದು ದಶಕದ ಬಳಿಕ ಪುಟ್ಟಣ್ಣನವರು ಮತ್ತೆ ತ.ರಾ.ಸು. ಅವರ ಕಾದಂಬರಿಯೊಂದನ್ನೇ ಕೈಗೆತ್ತಿಕೊಂಡರು: ‘ಮಸಣದ ಹೂವು’. ತ.ರಾ.ಸು. 1984ರ ಏಪ್ರಿಲ್‌ನಲ್ಲಿ ತೀರಿಕೊಂಡರು. ‘ದುರ್ಗಾಸ್ತಮಾನ’ಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು ಅದರ ಮರುವರ್ಷ. ಆ 1985ರ ಜೂನ್‌ನಲ್ಲಿ ಪುಟ್ಟಣ್ಣನವರೂ ಹೋದರು. ಅರೆಯಾಗಿದ್ದ ಚಿತ್ರವನ್ನು ಕೆ. ಎಸ್. ಎಲ್. ಸ್ವಾಮಿಯವರು ಪೂರ್ತಿ ಮಾಡಿದರು. ಬರೆದವರೂ ಇಲ್ಲ, ತೆಗೆದವರೂ ಇಲ್ಲ. ಚಿತ್ರ ಮಾತ್ರ ಊರೂರಿಗೆ ಬಂತು.

ನಮ್ಮೂರಿಗೂ ಬಂತು. ನಾನಾಗ ನೌಕರಿಯಲ್ಲಿದ್ದು ರಜಕ್ಕೆ ಊರಿಗೆ ಹೋಗಿದ್ದೆ. ಚೀಲದಲ್ಲಿ ಆ ಕಾದಂಬರಿಯಿತ್ತು. “ಮೊದಲು ಪುಸ್ತಕ ಓದಿ ಹೇಳ್ತೀನಿ, ಆಮೇಲೆ ಸಿನಿಮಾಕ್ಕೆ ಹೋಗೋಣ” ಎಂದೆ, ಅವ್ವನ ಮುಖ ನೋಡದೆ. ಅವಳು ಸೊಪ್ಪು ಸೋಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

“ಬ್ಯಾಡ. ಮೊದಲು ನೋಡ್ಕೊಂಡು ಬರಾಣ. ಆಮೇಲೆ ನಿಧಾನಕ್ಕೆ ಓದುವಂತೆ” ಎಂದಳು.

ಮೊದಲನೆಯ ಆಟಕ್ಕೆ ಹೋಗಿ ಬಂದೆವು. ಬಂದು ಊಟ ಮಾಡಿದ ಮೇಲೆ ಅವ್ವ ಹೊಸ್ತಿಲ ಬಳಿ ಬಂದು ಕುಳಿತಳು. ನಾನು ಮೊದಲ ಪುಟ ತೆಗೆದೆ. ಆ ರಜದಲ್ಲಿ ಪುಸ್ತಕ ಮುಗಿಯಲಿಲ್ಲ. ಉಳಿದದ್ದನ್ನು ದೀಪಾವಳಿಗೆ ಬಂದಾಗ ಓದಿದೆ.